ಹೊಸ್ತಿಲ ಮೇಲಿನ ಕೆಂಪು ಪಾದ

ಫೆ. 10, ಮಂಗಳವಾರ, ಬೆಳಗ್ಗೆ

ಪಕ್ಕದ ಹನುಮವ್ವನ ಹೊಸ್ತಿಲ ಮೇಲೆ ಕೆಂಪು ಪಾದ. ಐದು ಬೆರಳು, ಮುಂಗಾಲು. ಒಳಗೆ ಹೋದದ್ದು ಮಾತ್ರ. ಹೊರಗೆ ಬಂದದ್ದಿಲ್ಲ.

ಅರಿಶಿನ ಇನ್ನೂ ಹಸಿ. ಓನರ್ ಸಿದ್ದಮ್ಮ ಮಂಗಳವಾರ, ಶುಕ್ರವಾರ ವಠಾರದ ಎಲ್ಲ ಹೊಸ್ತಿಲಿಗೂ ತಾನೇ ಹಚ್ಚೋದು. ತನ್ನ ಮನೆಯ ಕಾವೇರಿ ನೀರಲ್ಲೇ ಕಲಸಬೇಕು, ಮಡಿ. ನಮಗೆಲ್ಲ ಅಂಗಳದ ನಲ್ಲಿಯ ಬೋರ್ ನೀರು.

ಹೆಜ್ಜೆ ಕಂಡ ಸಿದ್ದಮ್ಮ ಕೂಗಿದಳು: "ಅಮ್ಮನೋರು ಬಂದವ್ರೆ ಕಣವ್ವಾ! ಮನುಸ್ರು ಯಾರಾದ್ರೂ ಹೊಸ್ತಿಲು ತುಳೀತಾರಾ?"

ನಿಜ. ಯಾರೂ ತುಳಿಯುವುದಿಲ್ಲ.

ಫೆ. 13, ಶುಕ್ರವಾರ

ಮತ್ತೆ ಅದೇ ಪಾದ. ಒದ್ದೆ ಹೆಜ್ಜೆ ಹುಡುಕುತ್ತ ಸಿದ್ದಮ್ಮ ನಲ್ಲಿಯವರೆಗೂ ಹೋದಳು.

"ನೀರಲ್ಲೇ ಅವ್ರೆ. ಕೊಂಡ್ಕೊಳ್ಳೋ ಕ್ಯಾನ್ ನೀರು ಬಿಡು ಹನುಮವ್ವಾ, ಈ ನಲ್ಲಿ ನೀರ್ನೇ ತೀರ್ಥ ಅಂತ ಕುಡಿ. ಹೆರಿಗೆ ಸಲೀಸಾಯ್ತದೆ."

ಹನುಮವ್ವನಿಗೆ ಎಂಟು ತಿಂಗಳು. ತಲೆಯಾಡಿಸಿದಳು.

ಫೆ. 16, ಸೋಮವಾರ

ಲೋಹಕ್ಕೆ ಮೆರುಗು ಕೊಡುವ ಪೀಣ್ಯದ ಈ ಪ್ಲೇಟಿಂಗ್ ಯೂನಿಟ್‌ನಲ್ಲಿ ನನ್ನ ಎಂ.ಎ. ಕನ್ನಡಕ್ಕೆ ಸಿಕ್ಕ ಕೆಲಸ — ಸೇಫ್ಟಿ ಬೋರ್ಡ್ ಬರೆಯೋದು. ಇವತ್ತಿನದು: 'ಆಮ್ಲ ಲೋಹವನ್ನು ತಿನ್ನುತ್ತದೆ. ಕ್ಷಾರ ಸೋಪಿನಂತೆ ಜಾರುತ್ತದೆ, ಚರ್ಮವನ್ನು ಸುಡುತ್ತದೆ.'

ಜಾರುತ್ತದೆ... ಅಲ್ಲೇ ನಿಂತೆ. ಬೆಳಗ್ಗೆ ಮುಖ ತೊಳೆಯುವಾಗ ಬೆರಳು ಜಾರಿತ್ತು. ಸೋಪು ಮುಟ್ಟಿರಲಿಲ್ಲ.

ಸೂಪರ್‌ವೈಸರ್ ರುದ್ರೇಶ್‌ರನ್ನು ಕೇಳಿದೆ. ತೊಟ್ಟಿ ತೊಳೆದ ಕಾಸ್ಟಿಕ್ ಕ್ಷಾರದ ನೀರು ಎಲ್ಲಿಗೆ ಹೋಗುತ್ತೆ ಸಾರ್?

"ಹಿಂದ್ಗಡೆ ಬತ್ತಿರೋ ಬೋರ್‌ಗೆ. ಭೂಮ್ತಾಯಿ ಎಲ್ಲಾ ಕುಡೀತಾಳೆ ಮೇಡಂ. ನೀವು ಬೋರ್ಡ್ ಬರೀರಿ."

ಹಿಂದ್ಗಡೆ ಅಂದರೆ ನಮ್ಮ ವಠಾರದ ಗೋಡೆ. ಗೋಡೆಯಾಚೆ ನಮ್ಮ ಬೋರ್.

ಸಂಜೆ — ತಟ್ಟೆಯಲ್ಲಿ ಅರಿಶಿನ. ಕ್ಯಾನ್ ನೀರು ಹಾಕಿದೆ, ಹಳದಿ. ನಲ್ಲಿ ನೀರು, ರಕ್ತಗೆಂಪು. ನಿಂಬೆ ಹಿಂಡಿದೆ. ಮತ್ತೆ ಹಳದಿ. ಆಮ್ಲ ಬಿತ್ತು, ಕ್ಷಾರ ಸತ್ತಿತು.

ಫೆ. 17, ಮಂಗಳವಾರ

ಕಿಟಕಿಯಿಂದ ನೋಡಿದೆ. ಹನುಮವ್ವ ಒಣ ಕಾಲಲ್ಲಿ ನಲ್ಲಿಗೆ ಹೋದಳು. ಸೊಂಟದ ಮೇಲೆ ಕೊಡ ಹೊತ್ತು ಬರುವಾಗ ಕಾಲು ಒದ್ದೆ. ದಾಟಲು ಕಾಲು ಏಳಲಿಲ್ಲ, ಹೊಸ್ತಿಲ ಮೇಲೇ ಊರಿತು. ಹೊಟ್ಟೆ ಅಡ್ಡ, ಅವಳಿಗೆ ಕಾಣಲಿಲ್ಲ. ಕೊಡ ಇಳಿಸಿ ತಿರುಗಿದಳು. ಅರಿಶಿನ ಮೆಲ್ಲಗೆ ಕೆಂಪಾಗುತ್ತಿತ್ತು.

ತನ್ನದೇ ಪಾದಕ್ಕೆ ಕೈಮುಗಿದಳು. ಒಂದು ಚೆಂಬು ಕುಡಿದಳು.

ಓಡಿದೆ. "ಆ ನೀರು ಬೇಡ ಹನುಮವ್ವಾ..."

"ಯಾಕ್ರೀ ಅಕ್ಕಾರ? ಗಂಟ್ಲ ಉರೀತೈತಿ, ಖರೆ. ದೇವಿ ಒಳಗ ಇಳ್ಯಾಕತ್ತಾಳಂತ." ನಕ್ಕಳು. ತುಟಿಯ ಸಿಪ್ಪೆ ಎದ್ದಿದೆ.

ಹಿಂದೆ ಸಿದ್ದಮ್ಮ ನಿಂತಿದ್ದಳು. ನನ್ನ ಮನೆಯೊಳಗೆ ಬಂದುಬಿಟ್ಟೆ.

ಫೆ. 20, ಶುಕ್ರವಾರ, ಬೆಳಗ್ಗೆ

ನಲ್ಲಿಗೆ ಹೂವಿನ ಹಾರ ಬಿದ್ದಿದೆ. ನಿನ್ನೆಯಿಂದ ಹನುಮವ್ವನಿಗೆ ಅನ್ನ ನುಂಗಲಾಗುತ್ತಿಲ್ಲ. ತೀರ್ಥ ಮಾತ್ರ.

ಹೊರಗೆ ಸಿದ್ದಮ್ಮನ ಬಳೆ ಸದ್ದು. ಅರಿಶಿನ ಹಚ್ಚುತ್ತಿದ್ದಾಳೆ. ಕೊಡದ ಸದ್ದೂ ಕೇಳಿಸಿತು.

ನಿಂಬೆಹಣ್ಣು ಹೆಚ್ಚಿಟ್ಟುಕೊಂಡಿದ್ದೇನೆ. ಹನುಮವ್ವ ಚೆಂಬು ಎತ್ತುವ ಮೊದಲೇ, ಎಲ್ಲರೆದುರು, ಆ ಪಾದದ ಮೇಲೆ ಹಿಂಡುತ್ತೇನೆ. ದೇವಿ ಅಳಿಸಿಹೋಗೋದನ್ನು ಅವಳು ಕಣ್ಣಾರೆ ನೋಡಬೇಕು. ನೀರು ಎಲ್ಲಿಂದ ಬಂತು ಅನ್ನೋದನ್ನೂ ಹೇಳುತ್ತೇನೆ. ಮನೆ ಹೋಗಬಹುದು. ಕೆಲಸವೂ. ಹೋದರೆ—

ಕೊಡ ತುಂಬಿತು, ನಲ್ಲಿ ನಿಂತಿತು. ಈಗ—