ಕಲ್ಲಚ್ಚಿನಲ್ಲಿ ಉಳಿದ ಅಮ್ಮಿ

೧೨ ಮೇ ೧೯೯೮, ದಾಂಡೇಲಿ

ಥಾವರೆಪ್ಪನವರಿಗೆ ಒಂದು ಕಪ್ ಚಹಾ ಕೂಡ ತರಿಸಲಿಲ್ಲ, ಛೆ! ಮಗಳ ಲಗ್ನಪತ್ರಿಕೆ ಮಾಡಿಸಲು ಹಳಿಯಾಳದಿಂದ ನಮ್ಮ ಪ್ರೆಸ್ಸಿಗೆ ಬಂದವರು ಮಾದರಿಗೆಂದು ತಮ್ಮ ಮದುವೆಯ ಪತ್ರಿಕೆಯನ್ನೇ ತಂದಿದ್ದರು. ಹಳಿಯಾಳಕ್ಕೆ ಮೊದಲು ಕಲ್ಲಚ್ಚಿನ ಯಂತ್ರ ತಂದ ನಮ್ಮ ಅಬ್ಬಾ ಮುದ್ರಿಸಿದ್ದು. ಮೂಲೆಯಲ್ಲಿ ಬೆರಳುಗಳ ಮಸಿ ಗುರುತು.

ಅಬ್ಬಾ ಹೇಳುತ್ತಿದ್ದದ್ದು ಇದನ್ನೇ! ರೊಟ್ಟಿಗೆ ಬೆಣ್ಣೆ ಸವರಿದ ಕೈಯಲ್ಲೇ ಅಮ್ಮಿ ಅಚ್ಚಿನ ಕಲ್ಲು ಮುಟ್ಟಿಬಿಟ್ಟಿದ್ದಳಂತೆ. ಜಿಡ್ಡು ತಾಗಿದಲ್ಲೆಲ್ಲ ಆ ಕಲ್ಲು ಮಸಿ ಹಿಡಿಯುತ್ತದೆ.

“ನಿಮ್ಮ ಅಪ್ಪಾರು ಬ್ಯಾರೆ ಮಾಡಿಕೊಡ್ತೇನಿ ಅಂದ್ರು. ನಾನ ಬ್ಯಾಡ ಅಂದೆ. ಆ ತಾಯಿ ಹರಸಿದಂಗ ಆತಲ್ರಿ,” ಎಂದರು ಥಾವರೆಪ್ಪ. “ಇದು ನಿಮಗಿರ್ಲಿ, ತಗೋರಿ.”

ನನ್ನನ್ನು ಹೆತ್ತಾಗಲೇ ತೀರಿಹೋದ ಅಮ್ಮಿಯ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ನಾಳೆ ನಾನೇ ಹಳಿಯಾಳಕ್ಕೆ ಹೋಗಿ ಆ ಪುಣ್ಯಾತ್ಮನಿಗೆ ಕೈಮುಗಿಯಬೇಕು.

ಈಗಷ್ಟೇ ಆ ಗುರುತಿನ ಮೇಲೆ ನನ್ನ ಬೆರಳುಗಳನ್ನು ಇಟ್ಟು ನೋಡಿದೆ. ಇಷ್ಟು ಸಣ್ಣ ಕೈಯಿತ್ತೇ ಅವಳಿಗೆ...