ಖಾಲಿ ಇರಬೇಕಾಗಿದ್ದ ಜಾಗ

ನವೆಂಬರ್ ೧೪, ಗುರುವಾರ. ಮಾಂಟ್ರಿಯಲ್.

ಆ ಹೈಡ್ರೋಜನ್ ತಲೆಯಿಂದ ಇಳಿಯುತ್ತಿಲ್ಲ. ಲೋಳೆಮೀನಿನ ಹೊಳೆಯುವ ಪ್ರೋಟೀನಿಗೆ ಬೆಳಕು ಬಿದ್ದರೆ ಅದು ಪಕ್ಕದ ಅಮೈನೋ ಆಮ್ಲಕ್ಕೆ ಜಿಗಿಯಬೇಕು. ಕಂಪ್ಯೂಟರುಗಳು ನಾಲ್ಕು ತಿಂಗಳಿಂದ ಅದನ್ನೇ ಲೆಕ್ಕ ಹಾಕುತ್ತಿವೆ. ಒಮ್ಮೆಯೂ ಜಿಗಿದಿಲ್ಲ.

"ಅಜ್ಜಾ, ಇದು ಥೇಟ್ ನನ್ನ ತಮ್ಮನ ಹಾಗೆ. ಮುಖಕ್ಕೆ ಬೆಳಕು ಹಾಕಿದ್ರೂ ಹಾಸಿಗೆ ಬಿಡಲ್ಲ!" ಎಂದು, ಲ್ಯಾಬಿನ ಹಳೆಯ ಟೆಕ್ನೀಷಿಯನ್ ಆದ ನನ್ನನ್ನು ಅಜ್ಜ ಎಂದೇ ಕರೆಯುವ ವಿದ್ಯಾರ್ಥಿನಿ ಮಾಯೆಲ್ ನಕ್ಕಳು. ಆಮೇಲೆ ಮೆಲ್ಲಗೆ, "ನಾನೇ ಏನೋ ಎಡವಟ್ಟು ಮಾಡಿರ್ಬೇಕು, ಅಲ್ವಾ?" ಪ್ರೊಫೆಸರರೂ ಹಾಗೇ ಅಂದುಕೊಂಡಿದ್ದಾರೆ. ಅವಳ ಪಿಎಚ್‌ಡಿ ನಿಂತಿರುವುದೇ ಇದರ ಮೇಲೆ.

ಸಂಜೆ, ಈ ಲೆಕ್ಕಕ್ಕೆಂದು ಅವಳಿಗೆ ನಾನೇ ಮಾಡಿಕೊಟ್ಟಿದ್ದ ಮೊದಲ ಫೈಲು ತೆಗೆದೆ. ಪ್ರೋಟೀನಿನ ಎಕ್ಸ್-ರೇಯಲ್ಲಿ ಹೈಡ್ರೋಜನ್ ಸರಿಯಾಗಿ ಕಾಣುವುದಿಲ್ಲ, ಎಲ್ಲೆಲ್ಲಿ ಅಂತ ನಾವೇ ಯೋಚಿಸಿ ಕೂರಿಸಬೇಕು. ಅದು ಹೋಗಿ ಕೂರಬೇಕಾದ ಜಾಗದಲ್ಲಿ ನಾನು ಆಗಲೇ ಇನ್ನೊಂದು ಹೈಡ್ರೋಜನ್ ಕೂರಿಸಿಬಿಟ್ಟಿದ್ದೆ. ಪಾಪ, ಎಲ್ಲಿಗೆ ಜಿಗಿಯುತ್ತದೆ? ಫೈಲಿನ ತಾರೀಖು ಜುಲೈ ಒಂಬತ್ತು. ನನ್ನ ಹೆಂಡತಿ ಸೊಲಾಂಜಳನ್ನು ಮಣ್ಣು ಮಾಡಿದ ಮರುದಿನ. ಮನೆಯಲ್ಲಿ ಇರಲಾಗದೆ ಲ್ಯಾಬಿಗೆ ಹೋಗಿದ್ದೆ.

ನನ್ನ ಭಾಷೆ ಫ್ರೆಂಚ್, ಪ್ರೊಫೆಸರರಿಗೆ ಅದು ಬಾರದು. 'ತಪ್ಪು ಹುಡುಗಿಯದಲ್ಲ, ನನ್ನದು' ಎಂದು ಬರೆಯುವುದಕ್ಕೆ ನನ್ನ ಕಾಲೇಜಿನ ಇಂಗ್ಲಿಷು ಒಂದು ಗಂಟೆ ತಿಂದಿತು. ಮೊದಲಾದರೆ ಸೊಲಾಂಜ್ ತಿದ್ದುತ್ತಿದ್ದಳು. ಹಾಗೇ ಕಳಿಸಿದೆ. ಈ ತಪ್ಪು ಹೇಗಾಯಿತು ಎಂದು ನಾಳೆ ಕೇಳುತ್ತಾರೆ. ಆ ಜುಲೈ ಒಂಬತ್ತನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?