ಪುತ್ತು ಕಲ್ಲು

ಮಣಿಪಾಲ,
9 ಡಿಸೆಂಬರ್ 2025, ಮಂಗಳವಾರ

ಪ್ರೀತಿಯ ಪಪ್ಪನಿಗೆ,

ನಿಮ್ಮ ಯಶ್ಮಿತಾಳ ನಮಸ್ಕಾರಗಳು. 'ನಾನು ಚೆನ್ನಾಗಿದ್ದೇನೆ' ಎಂದು ಬರೆದು ಹೊಡೆದುಹಾಕಿದೆ, ಈಗ ಮತ್ತೆ ಬರೆಯುತ್ತಿದ್ದೇನೆ. ಜ್ವರ, ಶೀತ ಏನೂ ಇಲ್ಲ, ಆ ಮಟ್ಟಿಗೆ ಚೆನ್ನಾಗಿದ್ದೇನೆ. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಮನೆಗೂ ಬರಲಿಲ್ಲ, ನಿಮ್ಮೊಡನೆ ಸರಿಯಾಗಿ ಮಾತಾಡಲೇ ಇಲ್ಲ, ಬೇಸರ ಮಾಡಿಕೊಳ್ಳಬೇಡಿ. ನೀವು ಫೋನ್ ಮಾಡಿದಾಗಲೆಲ್ಲ 'ಕ್ಲಾಸ್ ಉಂಟು' ಎಂದೆ. ಎಷ್ಟೋ ಸಲ ಕ್ಲಾಸ್ ಇರಲಿಲ್ಲ.

ಕಾಗದ ನೋಡಿ ಗಾಬರಿಯಾಗಬೇಡಿ. ಫೋನಿನಲ್ಲಿ ಹೇಳಲು ಹೋದರೆ ನೀವು ನಡುವೆ 'ಊಟ ಆಯಿತಾ' ಎಂದು ಕೇಳುತ್ತೀರಿ, ನಾನು 'ಆಯಿತು' ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದೂ ಅಲ್ಲದೆ ನೀವು ಸ್ಪೀಕರ್ ಹಾಕಿ ಬಲೆ ಸರಿಮಾಡುತ್ತಾ ಕೂರುವವರು. ಹೆಜಮಾಡಿ ಕೋಡಿಯ ಅರ್ಧ ಜನ ನನ್ನ ಟೆನ್ಶನ್ ಕೇಳಿಸಿಕೊಳ್ಳುತ್ತಾರೆ. ಕಾರ್ಕಳದ ಹಾಸ್ಟೆಲಿಗೆ ಸೇರಿದಾಗಿನಿಂದ ನನಗೆ ಮುಖ್ಯವಾದದ್ದನ್ನೆಲ್ಲ ಬರೆದೇ ಅಭ್ಯಾಸ. ಮನೆಯಲ್ಲಿ ತುಳು, ಕಾಗದದಲ್ಲಿ ಕನ್ನಡ, ಈಗ ತಲೆಯೊಳಗೆ ಇಂಗ್ಲಿಷ್. ನಡುನಡುವೆ ಅದು ನುಗ್ಗಿದರೆ ಸಹಿಸಿಕೊಳ್ಳಿ.

ವಿಷಯ ಪುತ್ತುಬ್ಬ ಕಾಕನದ್ದು. ಹೆಸರು ನೋಡಿದ ಕೂಡಲೇ ಕಾಗದ ಮಡಚಿಡಬೇಡಿ, ಪಪ್ಪ, ಪ್ಲೀಸ್. ನೀವಿಬ್ಬರೂ ಒಂದೇ ದೋಣಿಯಲ್ಲಿ ಹೋಗಿ ಮೀನು ಹಿಡಿಯುತ್ತಿದ್ದ ಆ ಕಲ್ಲಿನ ಜಾಗವನ್ನು ಅವರು ಯಾರಿಗೂ ಹೇಳಿಲ್ಲ. ಆ ದೊಡ್ಡ ದೋಣಿಗಳಿಗೆ ದಾರಿ ತೋರಿಸಿದ್ದು ನಿಮ್ಮ ಫೋನು.

ಹೇಗೆ ಗೊತ್ತಾಯಿತೆಂದು ಹೇಳುತ್ತೇನೆ. ಕಳೆದ ವಾರ ನಮ್ಮ ಕಾಲೇಜಿಗೆ 'ಅಲೆದಾರಿ' ಕಂಪನಿಯವರು ಬಂದಿದ್ದರು. ನಿಮ್ಮ ಫೋನಿನಲ್ಲಿರುವ ಅದೇ ನೀಲಿ ಆ್ಯಪಿನವರು. ಗಾಳಿ, ಅಲೆ, ದಿಕ್ಕು ತೋರಿಸುವುದು, ಮೀನು ಸಿಕ್ಕಿದ ಜಾಗಕ್ಕೆ ನೀವು ಗುರುತು ಹಾಕಿಡುವುದು ಅದರಲ್ಲೇ ಅಲ್ವಾ? ಫಸ್ಟ್ ಇಯರಿನವರೆಲ್ಲ ಬರಲೇಬೇಕು, ಹಾಜರಿ ಹಾಕುತ್ತೇವೆ ಎಂದರು, ಹೋಗಿ ಕೂತೆವು. ರೋಹಿತ್ ಎಂಬವರು ಮಾತಾಡಿದರು. ನೋಡಲಿಕ್ಕೆ ಕೆಟ್ಟವರ ಹಾಗೆ ಇರಲಿಲ್ಲ, ಕಷ್ಟ ಇರುವುದೇ ಅಲ್ಲಿ. ರಬ್ಬರ್ ಚಪ್ಪಲಿ, ನಗುಮುಖ. ಮೀನುಗಾರರ ಬದುಕನ್ನು ಬದಲಾಯಿಸಲಿಕ್ಕೆ ಬಂದಿದ್ದೇವೆ ಎಂದರು. ನಾನು ಮೊದಲು ಚಪ್ಪಾಳೆ ಕೂಡ ತಟ್ಟಿದೆ.

ಆಮೇಲೆ 'ಇದು ದುಡ್ಡು ಕಟ್ಟಿದವರಿಗೆ ಮಾತ್ರ' ಎಂದು ನಕ್ಕು ಒಂದು ಬಟನ್ ಒತ್ತಿದರು. ಪರದೆಯ ಮೇಲಿನ ಕಡಲಿಗೆ ಕೆಂಪು ದಡಾರ ಬಂದ ಹಾಗಾಯಿತು. ಒಂದೊಂದು ಚುಕ್ಕೆಯೂ ಯಾರೋ ಒಬ್ಬರು ಮೀನು ಹಿಡಿದ ಜಾಗ. 'ಮೀನು ಎಲ್ಲಿದೆ ಅಂತ ನಮ್ಮ ಗ್ರಾಹಕರು ಹುಡುಕಬೇಕಾಗಿಲ್ಲ. ಮೀನುಗಾರರೇ ನಮಗೆ ಹೇಳಿದ್ದಾರೆ' ಎಂದರು. ನಮ್ಮ ಕಡೆಯವರಿಗೆ ಖುಷಿಯಾಗಲಿ ಎಂದು ಕಾಪುವಿನ ದೀಪಸ್ತಂಭವನ್ನು ಹಿಡಿದು ಪಶ್ಚಿಮಕ್ಕೆ ನಕ್ಷೆಯನ್ನು ದೊಡ್ಡದು ಮಾಡುತ್ತಾ ಹೋದರು. ಅಲ್ಲಿ ಒಂದು ಚುಕ್ಕೆ. ಅದರ ಕೆಳಗೆ ಕನ್ನಡ ಅಕ್ಷರದಲ್ಲಿ: ಪುತ್ತು ಕಲ್ಲು.

ಸಭೆಯಲ್ಲಿ ನಗು. 'ಲೋಕಲ್ ಹೆಸರುಗಳು. ಕ್ಯೂಟ್, ಅಲ್ವಾ?' ಎಂದರು ಅವರು.

ಆ ಕಲ್ಲಿನ ಕಥೆಯನ್ನು ನೀವು ನನಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದೀರಿ! ಕಾಕನ ಗಾಳ ಮೀನು ಸೇರುವ ನೀರಡಿಯ ಕಲ್ಲಿಗೆ ಸಿಕ್ಕಿಕೊಂಡದ್ದು, ದೊಡ್ಡ ಮುರು ಮೀನೇ ಎಂದು ಅವರು ಎಳೆದೂ ಎಳೆದೂ ಕೊನೆಗೆ ತಾವೇ ನೀರಿಗೆ ಬಿದ್ದದ್ದು, ನೀವು ಅವರ ಅಂಗಿ ಹಿಡಿದು ಮೇಲೆತ್ತುತ್ತಾ 'ಇದು ನಿನ್ನದೇ ಕಲ್ಲು ಮಾರಾಯ, ಮನೆಗೆ ತೆಗೊಂಡು ಹೋಗು' ಎಂದದ್ದು. ಕಥೆ ಹೇಳಿದಿರಿ, ಜಾಗ ಮಾತ್ರ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಆ ಹೆಸರಿನ ಆ ಜಾಗ ಗೊತ್ತಿದ್ದದ್ದು ನಿಮಗೆ ಮತ್ತು ಕಾಕನಿಗೆ. ಅದಕ್ಕೇ ದೀಪಾವಳಿಯ ಹೊತ್ತಿಗೆ ದೊಡ್ಡ ಇಂಜಿನಿನ ದೋಣಿಗಳು ಸೀದಾ ಅಲ್ಲಿಗೇ ಬಂದು ಗಾಳ ಇಳಿಸಿದಾಗ ನೀವು ಕಾಕನನ್ನಲ್ಲದೆ ಬೇರೆ ಯಾರನ್ನೂ ಸಂಶಯಿಸಲಿಲ್ಲ. ಮೂರನೆಯವನು ನಿಮ್ಮ ಅಂಗಿಯ ಜೇಬಿನಲ್ಲೇ ಇದ್ದ, ಪಪ್ಪ.

ಚೌತಿಗೆ ಬಂದಾಗ ನೀವೇ ತೋರಿಸಿದ್ದಿರಿ. ಹಳೆಯ ಜಿಪಿಎಸ್ ಪೆಟ್ಟಿಗೆಗೆ ಉಪ್ಪುನೀರು ಹೋಗಿ ಅದು ಕೈಕೊಡತೊಡಗಿದಾಗ ಅದರಲ್ಲಿದ್ದ ಜಾಗಗಳನ್ನೆಲ್ಲ ಒಂದೊಂದಾಗಿ ಫೋನಿಗೆ ಹಾಕಿದ್ದು, ಟೈಪ್ ಮಾಡಲಿಕ್ಕೆ ಉದಾಸೀನವಾಗಿ ಮೈಕ್ ಒತ್ತಿ ಬಾಯಲ್ಲೇ ಹೆಸರು ಹೇಳಿದ್ದು. ವಯರ್‌ಲೆಸ್ಸಿನಲ್ಲಿ ಬೇರೆ ದೋಣಿಯವರು 'ಎಂತ ಶೇಖರಣ್ಣ, ಮೀನು ಉಂಟಾ?' ಎಂದು ಕೇಳಿದರೆ, ಕಾಲಡಿಯಲ್ಲಿ ಅಂಜಲ್ ಮೀನು ಒದ್ದಾಡುತ್ತಿದ್ದರೂ 'ಎಂತದೂ ಇಲ್ಲ ಮಾರಾಯ, ಬರೀ ಜೆಲ್ಲಿ ಫಿಶ್' ಎನ್ನುವವರು ನೀವು! ಸೋದರ ಮಾವನಿಗೆ ಕೂಡ ತಪ್ಪು ದಿಕ್ಕು ಹೇಳಿದವರು! ಬಾಯಿದ್ದವರಿಗೆಲ್ಲ ಮುಚ್ಚಿಟ್ಟಿರಿ. ಫೋನಿಗೆ ಬಾಯಿಲ್ಲ ಎಂದುಕೊಂಡಿರಿ. ನಾನೂ ಪಕ್ಕದಲ್ಲಿ ಕೂತು 'ಸೂಪರ್, ಪಪ್ಪ' ಎಂದಿದ್ದೆ. ಓದುತ್ತಿರುವುದು ಡೇಟಾ ಸೈನ್ಸ್!

ಆ ಸಭೆಯಲ್ಲಿ ನಾನು ಎದ್ದು ನಿಂತೆ. ಹೇಗೆ ಎದ್ದೆನೋ ಗೊತ್ತಿಲ್ಲ, ವೈವಾದಲ್ಲಿ ನನ್ನ ಹೆಸರು ಹೇಳಲಿಕ್ಕೇ ತೊದಲುವವಳು ನಾನು. 'ಸರ್, ಈ ಚುಕ್ಕೆ ಯಾರದ್ದು?' ಎಂದು ಕೇಳಿದೆ.

'ಯಾರದ್ದೂ ಅಲ್ಲ. ಅದು ಸಮುದಾಯದ ಮಾಹಿತಿ.'

'ಅದು ನಮ್ಮ ಪಪ್ಪನದ್ದು, ಸರ್.'

ಮತ್ತೆ ನಗು. ಅವರು ಮಾತ್ರ ನಗಲಿಲ್ಲ. 'ಹಾಗಾದರೆ ನಿಮ್ಮ ತಂದೆ ಒಪ್ಪಿಗೆ ಕೊಟ್ಟಿದ್ದಾರೆ. ಓಕೆ ಒತ್ತದೆ ಆ್ಯಪ್ ತೆರೆಯುವುದೇ ಇಲ್ಲ' ಎಂದರು, ಬಹಳ ಸಮಾಧಾನದಿಂದ. ಮುಂದಿನ ಪ್ರಶ್ನೆ ಯಾರದ್ದು ಎಂದು ಮೈಕು ಆಚೆ ಹೋಯಿತು.

ನಾನು ಆ ಒಪ್ಪಿಗೆಯನ್ನು ಕೂತು ಓದಿದೆ. ಪೂರ್ತಿ ಇಂಗ್ಲಿಷ್. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವ ನನಗೇ ಕೆಲವು ವಾಕ್ಯಗಳಿಗೆ ತಲೆಬಾಲ ಸಿಗಲಿಲ್ಲ. ಒಂದು ಕಡೆ ಬರೆದಿದೆ: ನೀವು ಹಾಕಿದ ಗುರುತುಗಳನ್ನು ಕಂಪನಿ ಶಾಶ್ವತವಾಗಿ ಬಳಸಬಹುದು, ಬದಲಾಯಿಸಬಹುದು, ಮಾರಬಹುದು. ಇದನ್ನು ಅವರು ದಡಕ್ಕೆ ಬಂದು ತುಳುವಿನಲ್ಲಿ ಹೇಳಿದ್ದರೆ ಯಾರಾದರೂ ಓಕೆ ಒತ್ತುತ್ತಿದ್ದರಾ? 'ನಿನ್ನ ಕಲ್ಲು ನನಗೆ ಕೊಡು, ನಾನು ನಿನಗೆ ಗಾಳಿ ಯಾವ ಕಡೆಯಿಂದ ಬೀಸ್ತದೆ ಅಂತ ಹೇಳ್ತೇನೆ' ಎಂದಿದ್ದರೆ ನೀವು ಹುಟ್ಟು ತೆಗೆದುಕೊಂಡು ಓಡಿಸುತ್ತಿದ್ದಿರಿ. ಆದರೆ ದಡದಲ್ಲಿ ಅವರು ಹೇಳಿದ್ದು ಫ್ರೀ ಎಂಬ ಒಂದೇ ಶಬ್ದ, ಜೊತೆಗೆ ಒಂದು ಟೊಪ್ಪಿ. ಪೇಪರಿನಲ್ಲಿ ದಿನಾ ಬರುತ್ತದೆ, ಆ ಕಂಪನಿ ಇಷ್ಟು ಜನರ ಮಾಹಿತಿ ಸೋರಿಸಿತು, ಈ ಕಂಪನಿ ಇಷ್ಟು ದಂಡ ಕಟ್ಟಿತು ಎಂದು. ಓದಿ ಪುಟ ತಿರುಗಿಸುತ್ತಿದ್ದೆ. ಅದೆಲ್ಲ ಎಲ್ಲೋ ದೊಡ್ಡ ಊರಿನ ಸಂಗತಿ, ಹೆಜಮಾಡಿಯಿಂದ ಯಾರು ಎಂತ ಕದಿಯುತ್ತಾರೆ ಎಂದುಕೊಂಡಿದ್ದೆ.

ನನ್ನ ರೂಮಿನ ಚೈತಾಲಿಗೆ ಹೇಳಿದರೆ ಅವಳು ಮಂಚದಿಂದ ಏಳಲೂ ಇಲ್ಲ. 'ಒಂದು ಕಲ್ಲಿಗೆ ಇಷ್ಟು ಗಲಾಟೆಯಾ ಮಾರಾಯ್ತಿ? ನಾನು ಯಾವಾಗ ಅಳ್ತೇನೆ ಅಂತ ನನ್ನ ಫೋನಿಗೆ ನನಗಿಂತ ಮೊದಲು ಗೊತ್ತಾಗ್ತದೆ. ಅಭ್ಯಾಸ ಮಾಡ್ಕೋ' ಎಂದಳು. ಆ 'ಅಭ್ಯಾಸ ಮಾಡ್ಕೋ' ಎಂಬುದೇ ನನಗೆ ಆಗುವುದಿಲ್ಲ. ಎಲ್ಲರೂ ಅಭ್ಯಾಸ ಮಾಡಿಕೊಂಡದ್ದರಿಂದಲೇ ಅವರು ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದು ನಮ್ಮೆದುರೇ ನಮ್ಮದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು.

ಪಾಠ ಮಾಡುವ ಇಮೆಲ್ಡಾ ಮ್ಯಾಮ್ ಹತ್ತಿರ ಹೋದೆ. ಅವರು ನಗಲಿಲ್ಲ, ಕೂತು ಕೇಳಿದರು. 'ನಿನ್ನ ತಂದೆಯ ಹೆಸರು, ನಂಬರು, ಮುಖ ಇದಕ್ಕೆಲ್ಲ ಕಾನೂನು ಉಂಟು. ಕಡಲಿನ ಕಲ್ಲು ವೈಯಕ್ತಿಕ ಮಾಹಿತಿಯಾ? ವಾದ ಮಾಡಬಹುದು. ಗೆಲ್ಲುತ್ತೇವಾ, ಗೊತ್ತಿಲ್ಲ' ಎಂದರು. ಕಂಪನಿಗೆ ಇಮೇಲ್ ಬರೆಯಲು ಸಹಾಯ ಮಾಡಿದರು. ಉತ್ತರ ತಕ್ಷಣ ಬಂತು, ಯಂತ್ರವೇ ಬರೆದದ್ದಿರಬೇಕು: 'ಹಾಯ್ ಯಶ್ಮಿತಾ! ನಿಮ್ಮ ಖಾಸಗಿತನ ನಮಗೆ ಅಮೂಲ್ಯ.' ಖಾತೆಯ ಮಾಲೀಕರೇ, ಅಂದರೆ ನೀವೇ, ಬರೆದರೆ ಗುರುತುಗಳನ್ನು ಅಳಿಸುತ್ತಾರಂತೆ. ಈಗಾಗಲೇ ಬೇರೆಯವರ ಕೈಗೆ ಹೋದದ್ದನ್ನು ವಾಪಸು ತರಲು ಆಗುವುದಿಲ್ಲವಂತೆ. ನೀವು ಹ್ಞೂಂ ಎಂದರೆ ನಿಮ್ಮ ಪರವಾಗಿ ನಾನು ಬರೆಯುತ್ತೇನೆ, ಜಗಳವನ್ನೂ ಮಾಡುತ್ತೇನೆ. ಅದನ್ನು ನನಗೆ ಬಿಡಿ.

ನನ್ನ ಕೈಯಲ್ಲಿ ಆಗದ್ದು ಬೇರೆ ಉಂಟು.

ಭಾನುವಾರ ನಾನು ಕಾಪುವಿಗೆ ಹೋಗಿದ್ದೆ. ನಿಮಗೆ ಹೇಳದೆ ಹೋದೆ, ಬೈಯಬೇಡಿ. ಕಾಕ ಈಗ ಅಲ್ಲಿ ಪೇಟೆಯ ಹತ್ತಿರ ಒಂದು ಶೆಡ್ಡಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುತ್ತಾರೆ. ಕಡಲಿಗೆ ಹೋಗುವುದಿಲ್ಲ. ನನ್ನನ್ನು ಕಂಡು ಕೈಯ ಆಯಿಲ್ ಒರೆಸಿಕೊಂಡು, 'ಓ, ಇಂಜಿನಿಯರಮ್ಮ ಬಂದ್ರಾ! ಒಂದು ಕಾರ್ಬೊರೇಟರ್ ಬಿಚ್ಚಿ ಕೊಡು ನೋಡುವ' ಎಂದರು. ಮೊದಲಿನ ಹಾಗೆಯೇ. ನನಗೆ ಅಳು ಬಂತು. ಸೋಡಾ ತರಿಸಿದರು.

ನಾನು ಎಲ್ಲ ಹೇಳಿದೆ, ಪರದೆ, ಚುಕ್ಕೆ, ಹೆಸರು.

'ನನ್ನ ಹೆಸರು ಅಷ್ಟು ದೊಡ್ಡ ಪರದೆ ಮೇಲೆ ಬಂತಾ?' ಎಂದು ಜೋರಾಗಿ ನಕ್ಕರು. 'ಹಾಗಾದ್ರೆ ಬಾಡಿಗೆ ಕೇಳು ಮಗಾ, ಬಿಡಬೇಡ.' ಆಮೇಲೆ ನಗು ನಿಂತಿತು. ಇಂಜಿನಿನ ಕಡೆ ತಿರುಗಿ, 'ನಾನು ಹೇಳ್ಲಿಲ್ಲ ಅಂತ ನನಗೆ ಮೊದಲೇ ಗೊತ್ತುಂಟಲ್ಲ. ನೀನು ಬಸ್ಸು ಹತ್ತಿ ಬಂದು ನನಗೆ ಹೇಳಿದ್ರೆ ಎಂತ ಆಯ್ತು? ಹೇಳಬೇಕಾದ್ದು ಶೇಖರನಿಗೆ' ಎಂದರು.

'ಪಪ್ಪನಿಗೆ ಹೇಳ್ತೇನೆ ಕಾಕ. ಅವರು ಬರ್ತಾರೆ. ನೀವು ಮತ್ತೆ ದೋಣಿಗೆ ಹೋಗ್ತೀರಲ್ಲ?'

ಅವರು ಸ್ಪ್ಯಾನರ್ ಹುಡುಕುವ ಹಾಗೆ ಮಾಡಿದರು. ಅದು ಅವರ ಕೈಯಲ್ಲೇ ಇತ್ತು. 'ನಿನಗೆ ಬಸ್ಸಿಗೆ ತಡ ಆಗ್ತದೆ' ಎಂದರು.

ಬಸ್ಸಿಗೆ ತಡವಾಗುತ್ತಿರಲಿಲ್ಲ, ಪಪ್ಪ. ಆ ರಸ್ತೆಯಲ್ಲಿ ಬಸ್ಸಿಗೆ ಯಾವತ್ತೂ ಬರಗಾಲವಿಲ್ಲ.

ಅವರ ಮಗಳು ನುಸ್ರತ್ ಉಡುಪಿಯಲ್ಲೇ ಬಿ.ಕಾಂ. ಓದುತ್ತಿದ್ದಾಳೆ. ದೀಪಾವಳಿಯವರೆಗೆ ಪ್ರತಿ ಶನಿವಾರ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಕಾದು ಇಬ್ಬರೂ ಒಂದೇ ಬಸ್ಸಿಗೆ ಮನೆಗೆ ಬರುತ್ತಿದ್ದೆವು. ಈಗ ನನ್ನ ಮೆಸೇಜ್ ಓದುತ್ತಾಳೆ, ಉತ್ತರ ಕೊಡುವುದಿಲ್ಲ. ಕಳೆದ ಶನಿವಾರ ಅವಳನ್ನು ಕಾಣಲೆಂದೇ ಅಲ್ಲಿಗೆ ಹೋಗಿದ್ದೆ, ನನ್ನನ್ನು ದೂರದಿಂದ ಕಂಡು ಬೇರೆ ಬಸ್ಸು ಹತ್ತಿದಳು. ನಾನು ಕಿಟಕಿ ತಟ್ಟಿದೆ. ಅವಳು ಫೋನ್ ನೋಡುತ್ತಾ ಕೂತಳು, ಸ್ಕ್ರೀನ್ ಆಫ್ ಇತ್ತು.

ನಾನು ಕೇಳುವುದು ಇಷ್ಟೇ. ನೀವೇ ಕಾಪುವಿಗೆ ಹೋಗಿ. ಫೋನ್ ಮಾಡಬೇಡಿ, ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ಅವರು ಶೆಡ್ಡಿನಲ್ಲೇ ಇರುತ್ತಾರೆ. 'ನೀನು ಕಲ್ಲು ಮಾರಿದೆ' ಎಂದು ನೀವು ದಡದಲ್ಲಿ ಎಲ್ಲರೆದುರು ಹೇಳಿದ್ದು, ಹಾಗಾಗಿ ಅವರನ್ನು ದಡಕ್ಕೆ ಕರೆದುಕೊಂಡು ಬಂದು ಎಲ್ಲರೆದುರೇ 'ನನ್ನ ಲೆಕ್ಕ ತಪ್ಪಿತು' ಎಂದು ಹೇಳಬೇಕು. ನಿಮಗೆ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಶಾಲೆಗೆ ಬಿಡಲು ಬಂದಾಗ ಒಮ್ಮೆ ದಾರಿ ತಪ್ಪಿಯೂ ಯಾರನ್ನೂ ಕೇಳದೆ ಬೆಳ್ಮಣ್ ಪೂರ್ತಿ ಸುತ್ತಿಸಿದವರು ನೀವು. ಆದರೂ ಹೋಗಿ. ಇಲ್ಲದಿದ್ದರೆ ಕಂಪನಿಯ ಮೇಲೆ ನಾನು ಯಾವ ಬಾಯಲ್ಲಿ ಜಗಳ ಮಾಡಲಿ?

ಅಮ್ಮನಿಗೆ ಹೇಳಿ, ಇಲ್ಲಿಯ ಮೆಸ್ಸಿನ ಸಾರಿಗೆ ರುಚಿಯಿಲ್ಲದಿದ್ದರೂ ತಿನ್ನುತ್ತೇನೆ ಎಂದು. ಅಕ್ಕಿಯ ಪುಂಡಿ ಮಾಡಿದ ದಿನ ನನ್ನನ್ನು ನೆನೆಯಲಿ. ಗಾಳಿ ಎದ್ದ ದಿನ ಕಡಲಿಗೆ ಇಳಿಯಬೇಡಿ. ಆ್ಯಪ್ ಏನೇ ಹೇಳಲಿ, ನಿಮ್ಮ ಕಣ್ಣನ್ನೇ ನಂಬಿ. ನಿಮ್ಮಿಬ್ಬರ ಆಶೀರ್ವಾದ ಈ ಸೆಮಿಸ್ಟರಿಗೆ ಬೇಕೇ ಬೇಕು, ಗಣಿತದ ಪೇಪರಿಗೆ ಸ್ವಲ್ಪ ಹೆಚ್ಚಾಗಿಯೇ.

ನಿಮ್ಮ ಮಗಳು,
ಯಶ್ಮಿತಾ

ಮತ್ತೆ: ಕವರಿಗೆ ಹಾಕಿ ಅಂಟಿಸಿದವಳು ಹರಿದು ತೆಗೆದಿದ್ದೇನೆ. ಮೇಲೆ ಬರೆದದ್ದಷ್ಟೇ ಓದಿ ನೀವು ಹೋದರೆ ಸಾಕಾಗುವುದಿಲ್ಲ, ಪಪ್ಪ. ಆ ದಿನ ದಡದಲ್ಲಿ ನೀವು ಕಾಕನಿಗೆ 'ನೀನು ಕಲ್ಲು ಮಾರಿದೆ' ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಲು ಕೈ ಬರುತ್ತಿಲ್ಲ. 'ನಿಮ್ಮ ಜಾತಿಯವರನ್ನು ದೋಣಿಗೆ ಹತ್ತಿಸಬೇಡ ಅಂತ ಎಲ್ಲರೂ ಹೇಳಿದ್ದರು, ನಾನು ಕೇಳಲಿಲ್ಲ' ಎಂದಿರಿ. ನಾನು ಮತ್ತು ನುಸ್ರತ್ ನಿಮ್ಮ ಹಿಂದೆಯೇ ಇದ್ದೆವು. ಅಷ್ಟು ಹೊತ್ತು ನನ್ನ ಕೈ ಹಿಡಿದಿದ್ದವಳು ಬಿಟ್ಟಳು. ನಾನು ಹುಟ್ಟಿದ ಮೇಲೆ ಅಂಥ ಮಾತನ್ನು ನಿಮ್ಮ ಬಾಯಲ್ಲಿ ಕೇಳಿದ್ದು ಅದೇ ಮೊದಲು, ಆದರೆ ನೀವು ಹುಡುಕಿ ಹೇಳಿದ ಹಾಗೆ ಇರಲಿಲ್ಲ. ಒಳಗೆ ಸಿದ್ಧವಾಗಿಯೇ ಇದ್ದ ಹಾಗಿತ್ತು. ಕಲ್ಲು ಹೋದದ್ದಕ್ಕೆ ನಾನು ಕಂಪನಿಯನ್ನು ಬೈಯಬಹುದು. ಇದನ್ನು ನಿಮಗೆ ಯಾವ ಕಂಪನಿಯೂ ಕೊಟ್ಟದ್ದಲ್ಲ. ಕಾಪುವಿಗೆ ಹೋದಾಗ ಮೊದಲು ಈ ಮಾತಿಗೆ ಕ್ಷಮೆ ಕೇಳಿ. ಕಲ್ಲಿನ ವಿಷಯ ಆಮೇಲೆ ಹೇಳಿದರೂ ಆಗುತ್ತದೆ, ಹೇಳದಿದ್ದರೂ ಆಗುತ್ತದೆ.